ಊರಿಗೆ ಹೊರಡುವ ಮುನ್ನ ಟೈರಿನತ್ತ ಒಂದು ನೋಟ

ಬೇಸಿಗೆಯ ರಜೆ ಬಂದೊಡನೆ ಮುಂಬಯಿ, ಪುಣೆಗಳಲ್ಲಿರುವ ನಮ್ಮವರ ಅನೇಕ ಕುಟುಂಬಗಳು ಸ್ವಂತ ಕಾರಿನಲ್ಲಿಯೇ ಊರಿನ ಹಾದಿ ಹಿಡಿಯುತ್ತವೆ. ಹೊರಡುವ ಮುನ್ನ ಎಂಜಿನ್ನಿನ ಎಣ್ಣೆಯನ್ನು ನೋಡುವವರುಂಟು. ಬಗ್ಗಿ ಟೈರನ್ನು ನೋಡುವವರು ವಿರಳ. ಆದರೆ ಇಡೀ ಸಂಸಾರದ ಭಾರವನ್ನು ಹೊತ್ತು ನೆಲವನ್ನು ಮುಟ್ಟಿರುವುದು ಅಂಗೈಯಗಲದ ನಾಲ್ಕು ಪಟ್ಟಿ ರಬ್ಬರು ಮಾತ್ರ.

ಗಾಳಿ ಕಡಿಮೆಯಾದ ಟೈರಿನ ಪಕ್ಕೆಗಳು ಪ್ರತಿ ಸುತ್ತಿನಲ್ಲಿಯೂ ಅತಿಯಾಗಿ ಬಾಗುತ್ತವೆ. ಅದರಿಂದ ಶಾಖ ಹುಟ್ಟುತ್ತದೆ. ಕಾದ ರಸ್ತೆ, ವೇಗ, ಸಾಮಾನಿನ ಹೊರೆ ಇವು ಕೂಡಿದರೆ ಟೈರು ಸಿಡಿಯಬಹುದು. ಬಿಸಿಲಿಗೆ ಗಾಳಿ ಹಿಗ್ಗುವುದೆಂದು ಮೊದಲೇ ಗಾಳಿ ಇಳಿಸುವ ರೂಢಿಯು ಆದುದರಿಂದಲೇ ಅಪಾಯಕರ.

ಸರಿಯಾದ ಒತ್ತಡವನ್ನು ಸಾಮಾನ್ಯವಾಗಿ ಚಾಲಕನ ಬಾಗಿಲ ಚೌಕಟ್ಟಿನಲ್ಲಿಯೂ ಕೈಪಿಡಿಯಲ್ಲಿಯೂ ನಮೂದಿಸಿರುತ್ತಾರೆ. ತುಂಬಿದ ಕಾರಿಗೆ ಹೆಚ್ಚಿನ ಅಂಕಿಯಿದ್ದರೆ ಅದನ್ನೇ ಅನುಸರಿಸಬೇಕು. ಕಾರು ಓಡುವ ಮೊದಲು, ಟೈರು ತಣ್ಣಗಿರುವಾಗಲೇ ಅಳೆಯಿಸತಕ್ಕದ್ದು. ಸ್ಟೆಪ್ನಿಯನ್ನೂ ಮರೆಯಬಾರದು.

ಟೈರಿನ ಗೆರೆಗಳ ಆಳ 1.6 ಮಿಲಿಮೀಟರಿಗೆ ಇಳಿದರೆ ಮಳೆಯಲ್ಲಿ ಹಿಡಿತ ಉಳಿಯದು, ಹೊಸದನ್ನು ಹಾಕಿಸಲೇಬೇಕು. ಪಕ್ಕೆಯಲ್ಲಿ ಅಚ್ಚಾದ ನಾಲ್ಕು ಅಂಕಿಗಳು ಟೈರಿನ ವಯಸ್ಸನ್ನು ಹೇಳುತ್ತವೆ: 2319 ಎಂದಿದ್ದರೆ ಅದು 2019ರ 23ನೆಯ ವಾರದ್ದು. ಹೆಚ್ಚು ಓಡದ ಟೈರೂ ಕಾಲಕ್ರಮದಲ್ಲಿ ಬಿರುಕು ಬಿಡುತ್ತದೆ. ಹಳೆಯ ಕಾರನ್ನು ಕೊಳ್ಳುವವರು ಇದನ್ನು ತಪ್ಪದೆ ಓದಿಕೊಳ್ಳಬೇಕು.

ಅಕಸ್ಮಾತ್ ಟೈರು ಸಿಡಿದರೆ ಗಾಬರಿಯಿಂದ ಬ್ರೇಕ್ ಒತ್ತಬಾರದು. ಸ್ಟೇರಿಂಗನ್ನು ಎರಡೂ ಕೈಗಳಿಂದ ಭದ್ರವಾಗಿ ಹಿಡಿದು, ಆಕ್ಸಿಲರೇಟರಿನಿಂದ ಕಾಲನ್ನು ಮೆಲ್ಲನೆ ತೆಗೆದು, ವೇಗ ತಗ್ಗಿದ ಮೇಲೆ ಎಡಬದಿಗೆ ಸರಿಯಬೇಕು.

ಊರಿನಲ್ಲಿ ಹಿರಿಯರು ದಾರಿ ಕಾಯುತ್ತಿರುತ್ತಾರೆ. ಅವರ ಸಲುವಾಗಿಯಾದರೂ ಹೊರಡುವ ಮುಂಜಾನೆ ಐದು ನಿಮಿಷವನ್ನು ಟೈರುಗಳಿಗಾಗಿ ಮೀಸಲಿಡೋಣ.