ಮಂಡಿಗೆ ಹೊಸ ಕೀಲು

ಕಾಳೀನದಿಯ ದಡದ ಮಲ್ಲಾಪುರವನ್ನು ಹೊರಗಿನವರು ಕೈಗಾ ಅಣುವಿದ್ಯುತ್ ಸ್ಥಾವರದ ನೌಕರರು ವಾಸಿಸುವ ಊರೆಂದು ಬಲ್ಲರು. ಈ ಸೀಮೆಯ ಹಳೆಯ ಮನೆಗಳಲ್ಲಿ ಅರ್ಧ ಕೆಲಸ ನೆಲದ ಮೇಲೆಯೇ ನಡೆಯುವುದು. ಮೆಟ್ಟುಗತ್ತಿಯ ಮುಂದೆ ಕುಳಿತು ಮೀನು ಹೆಚ್ಚಬೇಕು, ಅಂಗಳ ಸಾರಿಸಬೇಕು. ಹೀಗೆ ಬಾಳಿದ ಅಜ್ಜಿಯೊಬ್ಬಳು ಒಂದು ದಿನ ಗೋಡೆ ಹಿಡಿಯದೆ ಮೇಲೇಳಲಾರದಾದರೆ, ಆಕೆಯ ಪ್ರಪಂಚವೇ ಹಜಾರದಷ್ಟಕ್ಕೆ ಕುಗ್ಗುತ್ತದೆ.

ಮಂಡಿಯು ಬಾಗಿಲ ತಿರುಗಣಿಯಂತೆ ಸರಳವಾದ ಕೀಲಲ್ಲ. ಕಾಲನ್ನು ಮಡಿಸಿದಾಗ ತೊಡೆಯೆಲುಬಿನ ತುದಿಯ ಎರಡು ಗುಬ್ಬಿಗಳು ಕೆಳಗಿನ ಎಲುಬಿನ ಮೇಲೆ ಉರುಳುತ್ತವೆ, ಜಾರುತ್ತವೆ, ತುಸು ತಿರುಗುತ್ತವೆ ಸಹ. ಎಲುಬುಗಳ ತುದಿಗೆ ಕೆಲವೇ ಮಿಲಿಮೀಟರ್ ದಪ್ಪದ ನುಣುಪಾದ ಮೃದ್ವಸ್ಥಿಯ ಹೊದಿಕೆಯುಂಟು. ಅಳತೆಯ ಉಪಕರಣಗಳನ್ನು ಹುದುಗಿಸಿದ ಕೃತಕ ಮಂಡಿಗಳಿಂದ ತಿಳಿದುಬಂದಂತೆ, ನಡೆಯುವಾಗ ಮಂಡಿಯ ಮೇಲೆ ದೇಹತೂಕದ ಸುಮಾರು ಎರಡೂವರೆ ಪಟ್ಟು, ಮೆಟ್ಟಿಲಿಳಿಯುವಾಗ ಸುಮಾರು ಮೂರೂವರೆ ಪಟ್ಟು ಭಾರ ಬೀಳುತ್ತದೆ. ಅರವತ್ತು ಕಿಲೋಗ್ರಾಂ ತೂಕದವರಿಗೆ ಇದು ಇನ್ನೂರು ಕಿಲೋಗ್ರಾಮಿಗೂ ಮೀರಿತು! ಹೊದಿಕೆ ಸವೆದರೆ ಅದು ಮತ್ತೆ ಸರಿಯಾಗಿ ಬೆಳೆಯದು. ಎಲುಬಿಗೆ ಎಲುಬು ತಾಗಿ ನೋವು ಹುಟ್ಟುತ್ತದೆ.

1890ರಲ್ಲಿ ಬರ್ಲಿನ್ನಿನ ಗ್ಲುಕ್ ಎಂಬ ಶಸ್ತ್ರವೈದ್ಯನು ದಂತದ ಮಂಡಿಯನ್ನು ಕೂರಿಸಿ ನೋಡಿದನು. ಆಮೇಲೆ ಬಂದ ತಿರುಗಣಿಯ ಮಾದರಿಗಳು ಒಂದೇ ದಿಕ್ಕಿಗೆ ಬಾಗುತ್ತಿದ್ದುದರಿಂದ, ಕಾಲು ತಿರುಚಿದ ಬಲವೆಲ್ಲ ಎಲುಬಿಗೆ ತಗಲಿ ಅವು ಸಡಿಲಗೊಳ್ಳುತ್ತಿದ್ದುವು. 1974ರಲ್ಲಿ ನ್ಯೂಯಾರ್ಕಿನಲ್ಲಿ ಇನ್ಸಾಲ್, ವಾಕರ್ ಮತ್ತು ನಮ್ಮ ದೇಶದಲ್ಲಿ ಜನಿಸಿದ ಚಿತ್ತರಂಜನ್ ರಾಣಾವತ್ ಇವರು ರೂಪಿಸಿದ ಮಂಡಿಯೇ ಇಂದಿನವುಗಳಿಗೆ ಮಾದರಿ. ಪ್ರಧಾನಿ ವಾಜಪೇಯಿಯವರ ಎಡಮಂಡಿಯನ್ನು 2000ದಲ್ಲಿ, ಬಲಮಂಡಿಯನ್ನು 2001ರಲ್ಲಿ ಮುಂಬಯಿಯಲ್ಲಿ ಬದಲಿಸಿದವರೂ ಈ ರಾಣಾವತ್ ಅವರೇ.

ಮಂಡಿಯನ್ನು ‘ಬದಲಿಸುವುದು’ ಎಂದರೆ ಕೀಲನ್ನು ಇಡಿಯಾಗಿ ಕಿತ್ತೆಸೆಯುವುದೆಂದು ಹಲವರು ಹೆದರುತ್ತಾರೆ. ವಾಸ್ತವವಾಗಿ ಸವೆದ ತುದಿಗಳನ್ನು ತೆಳುವಾಗಿ ಕತ್ತರಿಸಿ, ಹಲ್ಲಿಗೆ ಕವಚ ತೊಡಿಸುವಂತೆ ಲೋಹದ ಕವಚ ತೊಡಿಸುತ್ತಾರೆ. ಮೇಲೆ ಸಾಮಾನ್ಯವಾಗಿ ಕೋಬಾಲ್ಟ್-ಕ್ರೋಮಿಯಂ ಮಿಶ್ರಲೋಹ. ಕೆಳಗೆ ಲೋಹದ ತಟ್ಟೆ. ನಡುವೆ ಪಾಲಿಎಥಿಲೀನ್ ಎಂಬ ಪ್ಲಾಸ್ಟಿಕ್ಕಿನ ಬಿಲ್ಲೆ. ಸವೆಯುವುದು ಈ ಬಿಲ್ಲೆಯೇ. ಅದರ ಸೂಕ್ಷ್ಮ ಚೂರುಗಳನ್ನು ದೇಹವು ಶತ್ರುಗಳೆಂದು ಬಗೆದು ಹೋರಾಡುವಾಗ ಸುತ್ತಲಿನ ಎಲುಬು ಕರಗಿ ಕೀಲು ಸಡಿಲವಾಗುತ್ತದೆ.

ಇಲ್ಲಿ ನೆರವಿಗೆ ಬಂದದ್ದು ಗಾಮಾ ಕಿರಣ. ಪ್ಲಾಸ್ಟಿಕ್ಕಿನ ಉದ್ದನೆಯ ಅಣುಸರಪಳಿಗಳನ್ನು ಅದು ಅಡ್ಡಡ್ಡವಾಗಿ ಹೆಣೆದು ಸವೆತ ತಗ್ಗಿಸುತ್ತದೆ. ಆದರೆ ಹಿಂದೆ ಗಾಳಿಯಿರುವಲ್ಲಿ ಕಿರಣ ಹಾಯಿಸಿದ ಬಿಲ್ಲೆಗಳು ಕಾಲಕ್ರಮದಲ್ಲಿ ಆಮ್ಲಜನಕದೊಡನೆ ಸೇರಿ ಪೆಡಸಾದುವು. ಈಗ ಕಿರಣದ ಬಳಿಕ ಕಾಯಿಸುತ್ತಾರೆ, ಇಲ್ಲವೆ ಇ ಜೀವಸತ್ವ ಬೆರೆಸುತ್ತಾರೆ. ಗಾಮಾ ಕಿರಣದ ಸಾಮಾನ್ಯ ಆಕರವಾದ ಕೋಬಾಲ್ಟ್-60 ಅಣುಸ್ಥಾವರಗಳಲ್ಲಿ ಹುಟ್ಟುವ ವಸ್ತುವೆಂಬುದು ಮಲ್ಲಾಪುರದ ವಿದ್ಯಾರ್ಥಿಗಳಿಗೆ ಸ್ವಾರಸ್ಯವೆನಿಸೀತು. ಹಾಗೆಂದು ಬಿಲ್ಲೆಯು ವಿಕಿರಣ ಸೂಸುವುದಿಲ್ಲ. ಬಿಸಿಲಿಗೆ ಒಣಗಿಸಿದ ಹಪ್ಪಳವು ಬೆಳಕು ಬೀರುವುದೆ?

ಶಸ್ತ್ರಚಿಕಿತ್ಸೆ ಒಂದೆರಡು ಗಂಟೆಯ ಕೆಲಸ. ನಿಜವಾದ ಕಷ್ಟ ಅನಂತರ. ಅದೇ ದಿನ ಅಥವಾ ಮರುದಿನವೇ ವಾಕರ್ ಹಿಡಿಸಿ ರೋಗಿಯನ್ನು ನಿಲ್ಲಿಸುತ್ತಾರೆ. ಇದು ನಿರ್ದಯೆಯಲ್ಲ. ಮಲಗಿಯೇ ಇದ್ದರೆ ಕಾಲಿನ ರಕ್ತನಾಳಗಳಲ್ಲಿ ರಕ್ತ ಹೆಪ್ಪುಗಟ್ಟೀತು. ಪಾದವನ್ನು ಮೇಲೆ ಕೆಳಗೆ ಆಡಿಸುವುದೂ ಅದಕ್ಕಾಗಿಯೇ. ತೊಡೆಯ ಮುಂಭಾಗದ ಸ್ನಾಯು ಬೇಗ ಸೊರಗುವುದರಿಂದ ಕಾಲನ್ನು ನೇರವಾಗಿ ಎತ್ತುವ ಅಭ್ಯಾಸ ಬೇಕು. ಮೊದಲ ವಾರಗಳಲ್ಲಿ ನೋವಿಗೆ ಹೆದರಿ ಬಾಗಿಸದಿದ್ದರೆ ಗಾಯದ ಅಂಗಾಂಶ ಗಟ್ಟಿಯಾಗಿ ಕೀಲು ಬಿಗಿಯುತ್ತದೆ. ನೇರವಾಗಿ ಚಾಚುವುದನ್ನೂ ಮರೆಯಬಾರದು. ಮಂಡಿಯ ಕೆಳಗೆ ದಿಂಬಿಟ್ಟು ಮಲಗಿಸುವ ಮನೆಯವರ ಪ್ರೀತಿಯೇ ಅಲ್ಲಿ ಅಪಕಾರವಾಗುತ್ತದೆ.

ಸಮತಟ್ಟಿನಲ್ಲಿ ನಡೆಯಲು ಮಂಡಿ ಸುಮಾರು 65 ಡಿಗ್ರಿ ಬಾಗಿದರೆ ಸಾಕು. ಕುರ್ಚಿಯಿಂದ ಏಳಲು 90ಕ್ಕಿಂತ ಹೆಚ್ಚು ಬೇಕು. ಹೊಸ ಮಂಡಿ ಸಾಮಾನ್ಯವಾಗಿ 110-120ರವರೆಗೆ ಬಾಗುತ್ತದೆ. ಕುಕ್ಕುರುಗಾಲಿಗೆ ಬೇಕಾದ 130ಕ್ಕೂ ಮೀರಿದ ಬಾಗು ಎಲ್ಲರಿಗೂ ದಕ್ಕದು, ದಕ್ಕಿದರೂ ಬಿಲ್ಲೆಗೆ ಒಳಿತಲ್ಲ. ಆದುದರಿಂದ ಅಜ್ಜಿ ಆಸ್ಪತ್ರೆಯಿಂದ ಮರಳುವ ಮೊದಲೇ ಎತ್ತರದ ಶೌಚಪೀಠ, ಬಚ್ಚಲಿನಲ್ಲಿ ಹಿಡಿಕೆ, ಮೆಟ್ಟುಗತ್ತಿಗೊಂದು ಮೇಜು ಇವನ್ನು ಸಿದ್ಧಪಡಿಸಬೇಕು. ಜ್ವರ ಬಂದು ಮಂಡಿ ಕೆಂಪೇರಿ ಕೀವು ಒಸರಿದರೆ ಅದೇ ದಿನ ವೈದ್ಯರಲ್ಲಿಗೆ ಒಯ್ಯಬೇಕು. ಲೋಹದ ಮೇಲೆ ನೆಲೆಯೂರಿದ ರೋಗಾಣುಗಳನ್ನು ಔಷಧದಿಂದ ಮಾತ್ರ ಓಡಿಸುವುದು ಕಷ್ಟ.

2019ರಲ್ಲಿ ಪ್ರಕಟವಾದ ಸಮೀಕ್ಷೆಯೊಂದರ ಪ್ರಕಾರ ನೂರು ಕೃತಕ ಮಂಡಿಗಳಲ್ಲಿ ಸುಮಾರು 82 ಇಪ್ಪತ್ತೈದು ವರ್ಷ ಬಾಳುತ್ತವೆ. ಅರವತ್ತೈದರಲ್ಲಿ ಹಾಕಿಸಿಕೊಂಡವರಿಗೆ ಬಹುಶಃ ಇನ್ನೊಂದು ಬೇಕಾಗದು. ನಲವತ್ತೈದರವರಿಗೆ ವೈದ್ಯರು ‘ಇನ್ನಷ್ಟು ಕಾಲ ತಾಳಿರಿ’ ಎನ್ನುವುದು ಈ ಲೆಕ್ಕದಿಂದಲೇ.