ಹಿಮದ ದಾರಿಗೆ ಸ್ಪೋರ್ಟ್ಸ್ ಕಾರು: ಹೊರಡುವ ಮುನ್ನ ತಿಳಿದಿರಲಿ

ಗಂಟೆಗೆ 250 ಕಿಲೋಮೀಟರ್ ವೇಗದಲ್ಲಿ ಓಡಬಲ್ಲ ಕಾರೊಂದು ಎರಡು ಅಂಗುಲ ಹಿಮದ ಮುಂದೆ ಸೋತು ನಿಲ್ಲುತ್ತದೆ ಎಂದರೆ ನೀವು ನಂಬುತ್ತೀರಾ? ಕೆನಡಾದಲ್ಲಿ ಒಂದು ಚಳಿಗಾಲ ಕಳೆದವರನ್ನು ಕೇಳಿ ನೋಡಿ. ಹಳೆಯ ಸಣ್ಣ ಕಾರೊಂದು ಸದ್ದಿಲ್ಲದೆ ಏರು ಹತ್ತಿ ಹೋಗುತ್ತಿರುವಾಗ, ದುಬಾರಿ ಸ್ಪೋರ್ಟ್ಸ್ ಕಾರು ನಿಂತಲ್ಲೇ ಚಕ್ರ ತಿರುಗಿಸುತ್ತಾ ಹಿಂದಕ್ಕೆ ಜಾರುವುದು ಅಲ್ಲಿ ಅಪರೂಪದ ದೃಶ್ಯವಲ್ಲ.

ಟೊರೊಂಟೊ, ಒಟ್ಟಾವಾ, ಮಾಂಟ್ರಿಯಲ್‌ನಂತಹ ನಗರಗಳಲ್ಲಿ ಇಂದು ನಮ್ಮ ನಾಡಿನ ಅನೇಕ ಯುವಕ ಯುವತಿಯರು ದುಡಿಯುತ್ತಿದ್ದಾರೆ. ಹಿಮವನ್ನೇ ಕಾಣದೆ ಬೆಳೆದವರು ಅವರು. ಸಂಬಳ ಕೈಗೆ ಬಂದಾಗ ಬಾಲ್ಯದ ಕನಸಿನ ಕಾರು ಕೊಳ್ಳುವ ಆಸೆ ಸಹಜ. ಮಗ ಕಾರಿನ ಫೋಟೋ ಕಳುಹಿಸಿದಾಗ ಊರಿನಲ್ಲಿ ಎಲ್ಲರೂ ಅದರ ಬಣ್ಣ ನೋಡಿ ಸಂತೋಷಪಡುತ್ತಾರೆ, ಬೆಲೆ ಕೇಳುತ್ತಾರೆ. ಆದರೆ "ಚಳಿಗಾಲದ ಟಯರ್ ಹಾಕಿಸಿದ್ದೀಯಾ?" ಎಂದು ಯಾರೂ ಕೇಳುವುದಿಲ್ಲ. ಮೊದಲು ಕೇಳಬೇಕಾದ ಪ್ರಶ್ನೆ ಅದೇ.

ಶಕ್ತಿಯೇ ಶತ್ರುವಾದಾಗ

ಕಾರು ಎಷ್ಟೇ ದೊಡ್ಡದಿರಲಿ, ರಸ್ತೆಯನ್ನು ಮುಟ್ಟುವುದು ಅದರ ನಾಲ್ಕು ಟಯರ್‌ಗಳ ಅಂಗೈಯಗಲದ ಭಾಗ ಮಾತ್ರ. ಓಡುವುದು, ತಿರುಗುವುದು, ನಿಲ್ಲುವುದು ಎಲ್ಲವೂ ಆ ನಾಲ್ಕು ಅಂಗೈಗಳ ಹಿಡಿತದಿಂದಲೇ. ಹಿಮದ ಮೇಲೆ ಆ ಹಿಡಿತ ತೀರಾ ಕಡಿಮೆ. ಫೋರ್ಡ್ ಮಸ್ಟಾಂಗ್, ಮಜ್ದಾ ಎಂಎಕ್ಸ್-5ನಂತಹ ಕಾರುಗಳಲ್ಲಿ ಇಂಜಿನ್ ಮುಂದೆ ಇದ್ದು, ಅದರ ಶಕ್ತಿ ಹಿಂದಿನ ಚಕ್ರಗಳಿಗೆ ಹೋಗುತ್ತದೆ. ಆಕ್ಸಿಲರೇಟರನ್ನು ಸ್ವಲ್ಪ ಜೋರಾಗಿ ಒತ್ತಿದರೂ ಹಿಂದಿನ ಚಕ್ರಗಳು ಹಿಡಿತ ತಪ್ಪಿ ಸುತ್ತುತ್ತವೆ, ಕಾರಿನ ಹಿಂಭಾಗ ಪಕ್ಕಕ್ಕೆ ಜಾರುತ್ತದೆ.

ಇನ್ನೂ ಎರಡು ತೊಂದರೆಗಳಿವೆ. ಅಗಲವಾದ ಟಯರ್ ಒಣ ರಸ್ತೆಯಲ್ಲಿ ಒಳ್ಳೆಯದು, ಆದರೆ ಹಿಮದಲ್ಲಿ ಅದು ಕೆಳಗಿನ ಗಟ್ಟಿ ನೆಲವನ್ನು ಮುಟ್ಟದೆ ಮೇಲೆಯೇ ತೇಲುತ್ತದೆ. ಹಲವು ಸ್ಪೋರ್ಟ್ಸ್ ಕಾರುಗಳ ಹೊಟ್ಟೆಗೂ ನೆಲಕ್ಕೂ ನಡುವೆ ಇರುವುದು ನಾಲ್ಕೈದು ಅಂಗುಲ ಅಂತರ ಮಾತ್ರ. ಅದಕ್ಕಿಂತ ಆಳವಾದ ಹಿಮದಲ್ಲಿ ಕಾರಿನ ಹೊಟ್ಟೆಯೇ ಹಿಮದ ಮೇಲೆ ಕುಳಿತುಬಿಡುತ್ತದೆ.

ಮೊದಲ ಖರ್ಚು ಟಯರಿಗೆ

ಸ್ಪೋರ್ಟ್ಸ್ ಕಾರಿನ ಜೊತೆಗೆ ಬರುವುದು ಹೆಚ್ಚಾಗಿ ಬೇಸಿಗೆಯ ಟಯರ್. ಉಷ್ಣತೆ ಸುಮಾರು 7 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗಿಳಿದರೆ ಅದರ ರಬ್ಬರ್ ಗಡುಸಾಗಿ ಹಿಡಿತ ಕಳೆದುಕೊಳ್ಳತೊಡಗುತ್ತದೆ. ಗಮನಿಸಿ, ಹಿಮ ಬೀಳಲೇಬೇಕೆಂದಿಲ್ಲ, ಚಳಿಯೊಂದೇ ಸಾಕು. ಕಡು ಚಳಿಯಲ್ಲಿ ಇಂತಹ ಕೆಲವು ಟಯರ್‌ಗಳು ಬಿರುಕು ಬಿಡುವುದೂ ಉಂಟು.

ಚಳಿಗಾಲದ ಟಯರಿನ ರಬ್ಬರ್ ಚಳಿಯಲ್ಲೂ ಮೆದುವಾಗಿರುತ್ತದೆ. ಅದರ ಮೈಮೇಲಿನ ನೂರಾರು ಸಣ್ಣ ಸೀಳುಗಳು ಹಿಮವನ್ನು ಕಚ್ಚಿ ಹಿಡಿಯುತ್ತವೆ. ಈ ಟಯರ್ ಹುಟ್ಟಿದ್ದು ಹಿಮದ ನಾಡಾದ ಫಿನ್‌ಲ್ಯಾಂಡಿನಲ್ಲಿ, 1934ರಲ್ಲಿ. ಇಂದು ನೋಕಿಯನ್ ಟಯರ್ಸ್ ಎಂದು ಹೆಸರಾಗಿರುವ ಸಂಸ್ಥೆಯ ಪೂರ್ವಜರು ಅದನ್ನು ತಯಾರಿಸಿದರು.

ಕೊಳ್ಳುವಾಗ ಟಯರಿನ ಬದಿಯಲ್ಲಿ ಮೂರು ಶಿಖರಗಳ ಬೆಟ್ಟ, ಅದರೊಳಗೆ ಹಿಮದ ಹರಳು ಇರುವ ಚಿಹ್ನೆ ಇದೆಯೇ ಎಂದು ನೋಡಬೇಕು. ಎರಡು ಮಾತ್ರ ಹಾಕಿಸಿ ಹಣ ಉಳಿಸಲು ಹೋಗಬಾರದು. ಮುಂದಿನದು ಹಿಡಿದು ಹಿಂದಿನದು ಜಾರಿದರೆ ಕಾರು ಗಿರಕಿ ಹೊಡೆಯುತ್ತದೆ. ನಾಲ್ಕನ್ನೂ ಒಟ್ಟಿಗೆ ಬದಲಿಸಬೇಕು. ಕಾರಿನ ಕೈಪಿಡಿ ಒಪ್ಪುವುದಾದರೆ ಸ್ವಲ್ಪ ಚಿಕ್ಕ ರಿಮ್, ಕಡಿಮೆ ಅಗಲದ ಟಯರ್ ಹಾಕಿಸುವುದು ಉತ್ತಮ.

ಕ್ವಿಬೆಕ್ ಪ್ರಾಂತ್ಯದಲ್ಲಿ 2008ರ ಚಳಿಗಾಲದಿಂದ ಇಂತಹ ಟಯರ್ ಕಡ್ಡಾಯವಾಗಿದೆ. ಈಗ ಡಿಸೆಂಬರ್ 1ರಿಂದ ಮಾರ್ಚ್ 15ರವರೆಗೆ ಆ ನಿಯಮ ಇದೆ. ತಪ್ಪಿದರೆ 200ರಿಂದ 300 ಡಾಲರ್ ದಂಡ. ಟೊರೊಂಟೊ ಇರುವ ಒಂಟಾರಿಯೊದಲ್ಲಿ ಕಡ್ಡಾಯವಿಲ್ಲ. ಆದರೆ ಚಳಿಗಾಲದ ಟಯರ್ ಹಾಕಿಸಿದವರಿಗೆ ವಿಮಾ ಕಂಪೆನಿಗಳು ರಿಯಾಯಿತಿ ಕೊಡಲೇಬೇಕೆಂಬ ನಿಯಮ 2016ರಿಂದ ಜಾರಿಯಲ್ಲಿದೆ. ಕಾನೂನು ಕೇಳುವುದಿಲ್ಲ ಎಂದ ಮಾತ್ರಕ್ಕೆ ಹಿಮ ಸುಮ್ಮನಿರುವುದಿಲ್ಲ!

ಗಾಳಿಯ ವಿಷಯವನ್ನೂ ಮರೆಯಬಾರದು. ಉಷ್ಣತೆ ಐದಾರು ಡಿಗ್ರಿ ಇಳಿದಾಗಲೆಲ್ಲ ಟಯರಿನ ಒತ್ತಡ ಸುಮಾರು ಒಂದು ಪಿಎಸ್‌ಐ ಇಳಿಯುತ್ತದೆ. 20 ಡಿಗ್ರಿ ಇರುವಾಗ ತುಂಬಿಸಿದ ಗಾಳಿ ಮೈನಸ್ 20ಕ್ಕೆ ಬರುವಾಗ ಏಳರಷ್ಟು ಕಡಿಮೆಯಾಗಿರುತ್ತದೆ.

ಬಾನೆಟ್ ತೆರೆದು ನೋಡಿ

ಚಳಿಗೆ ಬ್ಯಾಟರಿ ಸೊರಗುತ್ತದೆ. ಮೈನಸ್ 18 ಡಿಗ್ರಿಯಲ್ಲಿ ಅದರ ಶಕ್ತಿ ಅರ್ಧಕ್ಕೂ ಕೆಳಗಿಳಿಯುವುದುಂಟು. ಇಂಜಿನ್ ಆಯಿಲ್ ಮಂದವಾಗುವುದರಿಂದ ಸ್ಟಾರ್ಟ್ ಮಾಡಲು ಹೆಚ್ಚು ಶಕ್ತಿ ಬೇಕಾಗುವುದೂ ಆಗಲೇ. ಆದ್ದರಿಂದ ಹಳೆಯ ಬ್ಯಾಟರಿಯನ್ನು ಚಳಿಗಾಲಕ್ಕೆ ಮುನ್ನವೇ ಪರೀಕ್ಷಿಸಬೇಕು. ರೇಡಿಯೇಟರಿಗೆ ಬರೀ ನೀರು ಹಾಕಿದರೆ ಅದು ಹೆಪ್ಪುಗಟ್ಟಿ ಇಂಜಿನ್ನನ್ನೇ ಒಡೆಯಬಹುದು. ಎಥಿಲೀನ್ ಗ್ಲೈಕಾಲ್ ಕೂಲೆಂಟ್ ಮತ್ತು ನೀರು ಸಮಪಾಲಿನಲ್ಲಿದ್ದರೆ ಸುಮಾರು ಮೈನಸ್ 37 ಡಿಗ್ರಿಯವರೆಗೆ ಹೆಪ್ಪುಗಟ್ಟದು. ವೈಪರಿನ ತೊಟ್ಟಿಗೂ ಹೆಪ್ಪುಗಟ್ಟದ ದ್ರವವೇ ಬೇಕು.

ರಸ್ತೆಯ ಹಿಮ ಕರಗಿಸಲು ಅಲ್ಲಿ ಉಪ್ಪು ಸುರಿಯುತ್ತಾರೆ. ಅದು ಕಾರಿನ ಅಡಿಭಾಗಕ್ಕೆ ಅಂಟಿ ತುಕ್ಕು ಹಿಡಿಸುತ್ತದೆ. ಆಗಾಗ ಅಡಿಭಾಗವನ್ನು ತೊಳೆಸಬೇಕು.

ಸ್ಟಿಯರಿಂಗ್ ಹಿಡಿದಾಗ

ಒಂದು ಲೆಕ್ಕ ನೋಡೋಣ. ಗಂಟೆಗೆ 50 ಕಿಲೋಮೀಟರ್ ವೇಗದಲ್ಲಿ ಬ್ರೇಕ್ ಹಾಕಿದರೆ ಒಣ ರಸ್ತೆಯಲ್ಲಿ ಕಾರು ಸುಮಾರು 13 ಮೀಟರಿನಲ್ಲಿ ನಿಲ್ಲುತ್ತದೆ. ನುಣುಪಾದ ಮಂಜುಗಡ್ಡೆಯ ಮೇಲೆ ಅದೇ ಕಾರು 100 ಮೀಟರಿನಷ್ಟು ಜಾರಬಹುದು. ವೇಗ ಎರಡು ಪಟ್ಟಾದರೆ ಈ ದೂರ ನಾಲ್ಕು ಪಟ್ಟಾಗುತ್ತದೆ. ನಾಲ್ಕು ಚಕ್ರಗಳಿಗೂ ಶಕ್ತಿ ಕೊಡುವ ಕಾರು ಹೊರಡುವಾಗ ನೆರವಾಗುತ್ತದೆಯೇ ಹೊರತು ಬ್ರೇಕ್ ಹಾಕುವಾಗ ಅಲ್ಲ. ಅನೇಕರು ಎಡವುವುದು ಇಲ್ಲೇ.

ಕಾಲಿನ ಕೆಳಗೆ ಹಸಿ ಮೊಟ್ಟೆ ಇದೆ ಎಂಬಂತೆ ಆಕ್ಸಿಲರೇಟರ್ ಒತ್ತಬೇಕು. ಗೇರ್ ಹಾಕುವ ಕಾರಾದರೆ ಎರಡನೇ ಗೇರಿನಲ್ಲಿ ಹೊರಡಬಹುದು. ತಿರುವಿಗೆ ಬರುವ ಮುನ್ನವೇ ವೇಗ ತಗ್ಗಿಸಬೇಕು. ಹಿಂಭಾಗ ಜಾರಿದರೆ ಗಾಬರಿಯಿಂದ ಬ್ರೇಕ್ ತುಳಿಯಬಾರದು. ಆಕ್ಸಿಲರೇಟರಿನಿಂದ ಕಾಲು ತೆಗೆದು, ಹೋಗಬೇಕಾದ ಕಡೆಗೆ ದೃಷ್ಟಿಯಿಟ್ಟು, ಅತ್ತಲೇ ಮೆಲ್ಲಗೆ ಸ್ಟಿಯರಿಂಗ್ ತಿರುಗಿಸಬೇಕು. ಇದನ್ನು ಓದಿ ಕಲಿಯಲಾಗದು. ಮೊದಲ ಹಿಮ ಬಿದ್ದಾಗ, ಅನುಮತಿಯಿರುವ ಖಾಲಿ ಜಾಗದಲ್ಲಿ, ಬಲ್ಲವರೊಬ್ಬರನ್ನು ಪಕ್ಕದಲ್ಲಿ ಕೂರಿಸಿಕೊಂಡು ಅಭ್ಯಾಸ ಮಾಡಬೇಕು.

ಹೊರಡುವ ಮುನ್ನ ಗಾಜು, ದೀಪ ಮತ್ತು ಛಾವಣಿಯ ಹಿಮವನ್ನು ಪೂರ್ತಿ ತೆಗೆಯಬೇಕು. ಕಂಬಳಿ, ಸಣ್ಣ ಸಲಿಕೆ, ಒಂದು ಚೀಲ ಮರಳು, ಟಾರ್ಚ್, ತಿನ್ನಲು ಏನಾದರೂ, ಫೋನ್ ಚಾರ್ಜರ್ ಕಾರಿನಲ್ಲಿರಲಿ. ಟ್ಯಾಂಕಿನಲ್ಲಿ ಅರ್ಧಕ್ಕಿಂತ ಕಡಿಮೆ ಪೆಟ್ರೋಲ್ ಬೇಡ.

ಹಿಮದಲ್ಲಿ ಸಿಲುಕಿ, ಬೆಚ್ಚಗಿರಲು ಇಂಜಿನ್ ಓಡಿಸಬೇಕಾಗಿ ಬಂದರೆ ಮೊದಲು ಇಳಿದು ಸೈಲೆನ್ಸರಿನ ಬಾಯಿ ನೋಡಬೇಕು. ಅದು ಹಿಮದಿಂದ ಮುಚ್ಚಿದ್ದರೆ ಕಾರ್ಬನ್ ಮೊನಾಕ್ಸೈಡ್ ಒಳಗೆ ಸೇರುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಬೆಚ್ಚಗೆ ಕುಳಿತವರು ನಿದ್ದೆಯಲ್ಲೇ ಪ್ರಾಣ ಬಿಟ್ಟ ಉದಾಹರಣೆಗಳಿವೆ. ನೆಲಕ್ಕೆ ತಗ್ಗಿರುವ ಸ್ಪೋರ್ಟ್ಸ್ ಕಾರಿನಲ್ಲಿ ಆ ಬಾಯಿ ಇನ್ನೂ ಬೇಗ ಮುಚ್ಚುತ್ತದೆ.

ಹೊರಡದಿರುವುದೂ ಒಂದು ಸಿದ್ಧತೆ

ಎಲ್ಲ ಸಿದ್ಧತೆ ಮಾಡಿದ ಮೇಲೂ ಕೆಲವು ದಿನ ಕಾರು ಮನೆಯಲ್ಲೇ ಇರಬೇಕು. ಹಿಮಬಿರುಗಾಳಿಯ ಎಚ್ಚರಿಕೆ ಇರುವ ದಿನ, ಬಂಪರಿನ ಮಟ್ಟಕ್ಕೆ ಹಿಮ ಬಿದ್ದ ದಿನ ಬಸ್ಸಿನಲ್ಲೋ ಗೆಳೆಯರ ಕಾರಿನಲ್ಲೋ ಹೋಗುವುದರಲ್ಲಿ ನಾಚಿಕೆಯೇನಿದೆ? ಕೆನಡಾದಲ್ಲೇ ಹುಟ್ಟಿ ಬೆಳೆದ ಎಷ್ಟೋ ಜನ ಇಂತಹ ಕಾರನ್ನು ಇಡೀ ಚಳಿಗಾಲ ಗ್ಯಾರೇಜಿನಲ್ಲಿಟ್ಟು, ವಸಂತ ಬಂದ ಮೇಲೆಯೇ ಹೊರತೆಗೆಯುತ್ತಾರೆ. ಅವರಿಗೆ ಕಾರು ಓಡಿಸಲು ಬಾರದೆಂದೇನಲ್ಲ, ಹಿಮ ಏನೆಂದು ಅವರಿಗೆ ಗೊತ್ತಿದೆ.

ಮುಂದಿನ ಸಲ ಆ ಕಡೆಯಿಂದ ಫೋನ್ ಬಂದಾಗ ಊಟವಾಯಿತೇ, ಚಳಿ ಹೇಗಿದೆ ಎಂದು ಕೇಳಿದ ಮೇಲೆ ಇನ್ನೊಂದು ಪ್ರಶ್ನೆ ಸೇರಿಸಿ. "ಟಯರ್ ಬದಲಿಸಿದೆಯಾ?" ಅವನು ನಗಬಹುದು. ನಗಲಿ ಬಿಡಿ. ಉತ್ತರ ಸಿಗುವವರೆಗೆ ಫೋನ್ ಇಡಬೇಡಿ.