ಬೇರೆಯವರ ದುಡ್ಡಲ್ಲಿ ನಡೆಯುವ ಆಸ್ಪತ್ರೆ: ಮಲಾವಿಗೆ ಬರುವ ವಿದೇಶಿ ನೆರವು ಹೋಗೋದೆಲ್ಲಿಗೆ, ನಿಂತ್ರೆ ಏನಾಗುತ್ತೆ?

ಹುಣಸೂರು, ಪಿರಿಯಾಪಟ್ಟಣ ಕಡೆಯ ರೈತರಿಗೆ ತಂಬಾಕು ಹರಾಜು ಅಂದ್ರೆ ಏನು ಅಂತ ಹೇಳಿಕೊಡಬೇಕಿಲ್ಲ. ಕೆಜಿಗೆ ಹತ್ತು ರೂಪಾಯಿ ಇಳಿದ್ರೆ ಊರಿನ ಬಟ್ಟೆ ಅಂಗಡಿಯಿಂದ ಹಿಡಿದು ಗೊಬ್ಬರದ ಅಂಗಡಿವರೆಗೆ ವ್ಯಾಪಾರ ತಣ್ಣಗಾಗುತ್ತೆ. ಆಫ್ರಿಕಾದಲ್ಲಿ ಇದೇ ತಂಬಾಕನ್ನು ನಂಬಿಕೊಂಡ ಒಂದು ಇಡೀ ದೇಶವೇ ಇದೆ. ಅದರ ಹೆಸರು ಮಲಾವಿ. ಅಲ್ಲಿ ಹರಾಜಿನ ಬೆಲೆ ಇಳಿದ್ರೆ ರೈತನ ಜೇಬಿನ ಜೊತೆ ದೇಶದ ಡಾಲರ್ ಪೆಟ್ಟಿಗೆಯೂ ಖಾಲಿಯಾಗುತ್ತೆ. ಡೀಸೆಲ್, ಗೊಬ್ಬರ, ಆಸ್ಪತ್ರೆಯ ಮಾತ್ರೆ ಎಲ್ಲವೂ ಆ ಡಾಲರ್‌ನಲ್ಲೇ ಹೊರಗಿನಿಂದ ಬರಬೇಕು.

ಹಾಗಾದ್ರೆ ಆ ದೇಶದ ಆಸ್ಪತ್ರೆಗಳು ನಡೆಯೋದು ಹೇಗೆ? ಉತ್ತರ ನೇರ: ಅಲ್ಲಿ ಆರೋಗ್ಯಕ್ಕೆ ಖರ್ಚಾಗುವ ಹಣದಲ್ಲಿ ಅರ್ಧಕ್ಕಿಂತ ಹೆಚ್ಚು ಪಾಲು ಹಲವು ವರ್ಷಗಳಿಂದ ಹೊರದೇಶಗಳಿಂದ ಬರುತ್ತಿತ್ತು. 2025ರ ಜನವರಿಯಲ್ಲಿ ಆ ಹಣದ ಒಂದು ದೊಡ್ಡ ನಲ್ಲಿ ದಿಢೀರ್ ಬಂದ್ ಆಯ್ತು. ಈ ನೆರವು ಹೇಗೆ ಕೆಲಸ ಮಾಡುತ್ತೆ, ಏನು ಕೊಟ್ಟಿತು, ಎಲ್ಲಿ ಎಡವಿತು ಅನ್ನೋದರ ಸರಳ ವಿವರ ಇಲ್ಲಿದೆ.

ಮಲಾವಿ ಎಲ್ಲಿದೆ? ಎಷ್ಟು ದೊಡ್ಡದು?

ಆಫ್ರಿಕಾದ ಆಗ್ನೇಯ ಭಾಗದಲ್ಲಿ ಟಾಂಜಾನಿಯಾ, ಜಾಂಬಿಯಾ, ಮೊಜಾಂಬಿಕ್ ನಡುವೆ ಉದ್ದಕ್ಕೆ ಚಾಚಿಕೊಂಡಿರುವ ದೇಶ. ಸಮುದ್ರ ಇಲ್ಲ, ದೊಡ್ಡ ಸರೋವರ ಇದೆ. ವಿಸ್ತೀರ್ಣದಲ್ಲಿ ಕರ್ನಾಟಕಕ್ಕಿಂತ ಚಿಕ್ಕದು. ಜನಸಂಖ್ಯೆ 2 ಕೋಟಿ ದಾಟಿದೆ. 1964ರಲ್ಲಿ ಬ್ರಿಟಿಷರಿಂದ ಸ್ವಾತಂತ್ರ್ಯ ಪಡೆಯಿತು. ಒಟ್ಟು 28 ಜಿಲ್ಲೆಗಳು. ರಾಜಧಾನಿ ಲಿಲೊಂಗ್ವೆ, ವ್ಯಾಪಾರದ ಊರು ಬ್ಲಾಂಟೈರ್. ಜಗತ್ತಿನ ಅತಿ ಬಡ ದೇಶಗಳ ಪಟ್ಟಿಯಲ್ಲಿ ಇದರ ಹೆಸರು ಸದಾ ಇರುತ್ತೆ.

ಸರ್ಕಾರಿ ಆಸ್ಪತ್ರೆಗಳಲ್ಲಿ ಚಿಕಿತ್ಸೆ ಉಚಿತ. ಹಳ್ಳಿಗಾಡಿನಲ್ಲಿ ಚರ್ಚ್ ಸಂಸ್ಥೆಗಳ ಆಸ್ಪತ್ರೆಗಳೂ ಬಹಳ ಇವೆ. ಅಲ್ಲಿ ಸ್ವಲ್ಪ ಶುಲ್ಕ ಇರುತ್ತೆ. ಹೆರಿಗೆಯಂಥ ಸೇವೆ ಬಡವರಿಗೆ ಉಚಿತವಾಗಿ ಸಿಗಲಿ ಅಂತ ಸರ್ಕಾರ ಅವುಗಳ ಜೊತೆ ಒಪ್ಪಂದ ಮಾಡಿಕೊಂಡು ಬಿಲ್ ಕಟ್ಟುತ್ತೆ. ಆ ಬಿಲ್ ಬಾಕಿ ಉಳಿದಾಗ ತೊಂದರೆ ಶುರು. ಉದ್ರಿ ಕೊಟ್ಟ ಅಂಗಡಿಯವನ ಕಷ್ಟ ಅಲ್ಲೂ ಇದೆ.

ನೆರವು ಕೊಡೋರು ಯಾರು?

ಮೂರು ದಾರಿ ಇವೆ.

ಒಂದು, ದೇಶದಿಂದ ದೇಶಕ್ಕೆ. ಅಮೆರಿಕ, ಬ್ರಿಟನ್, ಜರ್ಮನಿ, ನಾರ್ವೆ ಸರ್ಕಾರಗಳು ತಮ್ಮ ಬಜೆಟ್‌ನಿಂದ ಕೊಡುವ ಹಣ. ಶ್ರೀಮಂತ ದೇಶಗಳು ತಮ್ಮ ರಾಷ್ಟ್ರೀಯ ಆದಾಯದ ಶೇ. 0.7ರಷ್ಟನ್ನು ನೆರವಿಗೆ ಕೊಡಬೇಕು ಅಂತ ವಿಶ್ವಸಂಸ್ಥೆಯಲ್ಲಿ 1970ರಲ್ಲೇ ನಿರ್ಣಯ ಆಗಿದೆ. ಅದನ್ನು ಪಾಲಿಸಿದವರು ನಾರ್ವೆ, ಸ್ವೀಡನ್, ಡೆನ್ಮಾರ್ಕ್, ಲಕ್ಸೆಂಬರ್ಗ್‌ನಂಥ ಬೆರಳೆಣಿಕೆಯ ದೇಶಗಳು.

ಎರಡು, ಹಲವು ದೇಶಗಳು ಸೇರಿ ಕಟ್ಟಿದ ನಿಧಿಗಳು. ಮಕ್ಕಳ ಲಸಿಕೆಗೆ 2000ದಲ್ಲಿ ಶುರುವಾದ ಗವಿ, ಏಡ್ಸ್, ಟಿಬಿ, ಮಲೇರಿಯಾಕ್ಕೆ 2002ರಲ್ಲಿ ಶುರುವಾದ ಗ್ಲೋಬಲ್ ಫಂಡ್ ಈ ಗುಂಪಿನವು.

ಮೂರು, ವಿಶ್ವ ಬ್ಯಾಂಕ್. ಇದು ಬಡ ದೇಶಗಳಿಗೆ ಕಡಿಮೆ ಬಡ್ಡಿಯ ದೀರ್ಘಾವಧಿ ಸಾಲ, ಕೆಲವೊಮ್ಮೆ ಅನುದಾನ ಕೊಡುತ್ತೆ.

ವಿಶ್ವ ಬ್ಯಾಂಕ್ ಹಣ ನಮಗೂ ಹೊಸದಲ್ಲ. 1996ರಲ್ಲಿ ಶುರುವಾದ ಕರ್ನಾಟಕ ಆರೋಗ್ಯ ವ್ಯವಸ್ಥೆ ಅಭಿವೃದ್ಧಿ ಯೋಜನೆಗೆ ದುಡ್ಡು ಬಂದಿದ್ದು ಅಲ್ಲಿಂದಲೇ, ಸಾಲದ ರೂಪದಲ್ಲಿ. ರಾಜ್ಯದ ಅನೇಕ ತಾಲ್ಲೂಕು ಆಸ್ಪತ್ರೆಗಳಿಗೆ ಹೊಸ ಕಟ್ಟಡ, ಹಾಸಿಗೆ, ಯಂತ್ರ ಬಂದಿದ್ದು ಆಗಲೇ. ಕಲಬುರಗಿ ವಿಭಾಗದ ಆಸ್ಪತ್ರೆಗಳಿಗೆ ಜರ್ಮನಿಯ ಕೆಎಫ್‌ಡಬ್ಲ್ಯು ಬ್ಯಾಂಕ್ ಹಣ ಕೊಟ್ಟಿತ್ತು. ಆದ್ರೆ ಒಂದು ವ್ಯತ್ಯಾಸ ಇದೆ. ಇಲ್ಲಿ ಕಟ್ಟಡಕ್ಕೆ ಹೊರಗಿನ ಹಣ ಬಂದರೂ ಡಾಕ್ಟರ್, ನರ್ಸ್ ಸಂಬಳ ರಾಜ್ಯದ ಖಜಾನೆಯಿಂದಲೇ ಹೋಗುತ್ತಿತ್ತು. ಮಲಾವಿಯಲ್ಲಿ ಸಂಬಳಕ್ಕೂ ಹೊರಗಿನ ಹಣವೇ ಬೇಕಾಯ್ತು.

ನರ್ಸ್‌ಗಳು ದೇಶ ಬಿಟ್ಟು ಹೊರಟಾಗ

2000ದ ಹೊತ್ತಿಗೆ ಮಲಾವಿಯ ಪರಿಸ್ಥಿತಿ ಭೀಕರವಾಗಿತ್ತು. ಏಡ್ಸ್ ಹಳ್ಳಿ ಹಳ್ಳಿಯಲ್ಲಿ ದುಡಿಯುವ ವಯಸ್ಸಿನವರನ್ನು ಕೊಲ್ಲುತ್ತಿತ್ತು. ಸರಾಸರಿ ಆಯಸ್ಸು 45ರ ಆಸುಪಾಸಿಗೆ ಇಳಿದಿತ್ತು. ಅದೇ ಹೊತ್ತಿಗೆ ತರಬೇತಿ ಪಡೆದ ನರ್ಸ್‌ಗಳು ಬ್ರಿಟನ್‌ಗೆ ವಿಮಾನ ಹತ್ತುತ್ತಿದ್ದರು. ಸರ್ಕಾರಿ ನರ್ಸ್ ಹುದ್ದೆಗಳಲ್ಲಿ ಅರ್ಧಕ್ಕಿಂತ ಹೆಚ್ಚು ಖಾಲಿ. ಲಕ್ಷ ಜನಕ್ಕೆ ಸುಮಾರು 2 ವೈದ್ಯರು. ಅನೇಕ ಜಿಲ್ಲಾ ಆಸ್ಪತ್ರೆಗಳಲ್ಲಿ ಸಿಸೇರಿಯನ್ ಮಾಡ್ತಿದ್ದವರು ಎಂಬಿಬಿಎಸ್ ಡಾಕ್ಟರ್ ಅಲ್ಲ, ಕ್ಲಿನಿಕಲ್ ಆಫೀಸರ್ ಎನ್ನುವ ಬೇರೆ ತರಬೇತಿಯ ಸಿಬ್ಬಂದಿ. ಇವತ್ತಿಗೂ ಆ ವ್ಯವಸ್ಥೆಯ ಬೆನ್ನೆಲುಬು ಅವರೇ.

2004ರಲ್ಲಿ ಒಂದು ತುರ್ತು ಯೋಜನೆ ಶುರುವಾಯ್ತು. ಬ್ರಿಟನ್ ಮುಖ್ಯ ದಾನಿ, ಗ್ಲೋಬಲ್ ಫಂಡ್ ಕೂಡ ಜೊತೆಗಿತ್ತು. ದಾನಿಗಳು ಸಾಮಾನ್ಯವಾಗಿ ಮುಟ್ಟದ ಕೆಲಸವನ್ನೇ ಇಲ್ಲಿ ಮಾಡಿದರು: ಆಯ್ದ 11 ವರ್ಗದ ಆರೋಗ್ಯ ಸಿಬ್ಬಂದಿಗೆ ಸಂಬಳದ ಮೇಲೆ ಶೇ. 52ರಷ್ಟು ಹೆಚ್ಚುವರಿ ಭತ್ಯೆ. ಜೊತೆಗೆ ನರ್ಸಿಂಗ್ ಮತ್ತು ವೈದ್ಯಕೀಯ ಕಾಲೇಜುಗಳ ಸೀಟು ಹೆಚ್ಚಳ.

ಫಲಿತಾಂಶ ಕಣ್ಣಿಗೆ ಕಾಣುವಂತಿತ್ತು. 2004ರಲ್ಲಿ 5,453 ಇದ್ದ ಆರೋಗ್ಯ ಸಿಬ್ಬಂದಿ 2009ಕ್ಕೆ 8,369ಕ್ಕೆ ಏರಿದರು. ಅಂದ್ರೆ ಶೇ. 53ರಷ್ಟು ಹೆಚ್ಚಳ. ಹೊರಗೆ ಹೋಗುವ ನರ್ಸ್‌ಗಳ ಸಂಖ್ಯೆಯೂ ಇಳಿಯಿತು.

ನಮ್ಮ ಆಶಾ ಕಾರ್ಯಕರ್ತೆಯರ ಹಾಗೆ ಅಲ್ಲಿ ಹಳ್ಳಿ ಮಟ್ಟದಲ್ಲಿ 'ಹೆಲ್ತ್ ಸರ್ವೇಲೆನ್ಸ್ ಅಸಿಸ್ಟೆಂಟ್' ಅಂತ ಇದ್ದಾರೆ. ಸಾವಿರ ಜನಕ್ಕೆ ಒಬ್ಬರು ಇರಬೇಕು ಅನ್ನೋದು ಗುರಿ. ಲಸಿಕೆ, ಮಲೇರಿಯಾ ಮಾತ್ರೆ, ಬಾವಿಗೆ ಕ್ಲೋರಿನ್ ಎಲ್ಲ ಅವರದೇ ಕೆಲಸ. ಆಶಾಗೆ ಸಿಗೋದು ಗೌರವಧನ. ಅಲ್ಲಿ ಅವರು ಸಂಬಳದ ನೌಕರರು. ಇವರ ಸಂಖ್ಯೆ ದುಪ್ಪಟ್ಟಿಗೂ ಹೆಚ್ಚಾದಾಗ ಸಂಬಳದ ಭಾರ ಹೊತ್ತಿದ್ದು ಗ್ಲೋಬಲ್ ಫಂಡ್.

ಮಾತ್ರೆಯ ಕಥೆಯಲ್ಲಿ ಭಾರತ

ಎಚ್‌ಐವಿ ಚಿಕಿತ್ಸೆಯ ಔಷಧಿಗೆ 2000ದ ಹೊತ್ತಲ್ಲಿ ಒಬ್ಬ ರೋಗಿಗೆ ವರ್ಷಕ್ಕೆ 10,000 ಡಾಲರ್‌ಗೂ ಹೆಚ್ಚು ಬೆಲೆ ಇತ್ತು. ಆಗಿನ ಲೆಕ್ಕದಲ್ಲಿ ನಾಲ್ಕೂವರೆ ಲಕ್ಷ ರೂಪಾಯಿ. 2001ರಲ್ಲಿ ಮುಂಬೈನ ಸಿಪ್ಲಾ ಕಂಪನಿಯ ಯೂಸುಫ್ ಹಮೀದ್ ಅದೇ ಔಷಧಿಯನ್ನು ವರ್ಷಕ್ಕೆ 350 ಡಾಲರ್‌ಗೆ, ಅಂದ್ರೆ ದಿನಕ್ಕೆ ಒಂದು ಡಾಲರ್‌ಗಿಂತ ಕಡಿಮೆಗೆ ಕೊಡ್ತೀನಿ ಅಂದರು. ಇಡೀ ಮಾರುಕಟ್ಟೆ ತಲೆಕೆಳಗಾಯ್ತು. ಈಗ ಅದೇ ರೋಗಕ್ಕೆ ಮೊದಲಿಗಿಂತ ಒಳ್ಳೆಯ ಮಾತ್ರೆ ವರ್ಷಕ್ಕೆ 50 ಡಾಲರ್‌ಗಿಂತಲೂ ಕಡಿಮೆಗೆ ಸಿಗುತ್ತೆ. ಆಫ್ರಿಕಾಕ್ಕೆ ಹೋಗುವ ಎಚ್‌ಐವಿ ಮಾತ್ರೆಗಳಲ್ಲಿ ಬಹುಪಾಲು ಮುಂಬೈ, ಹೈದರಾಬಾದ್, ಬೆಂಗಳೂರು ಮೂಲದ ಕಂಪನಿಗಳದ್ದು.

ಬೆಲೆ ಇಳಿದ ಮೇಲೆ ಗ್ಲೋಬಲ್ ಫಂಡ್ ಹಣದಲ್ಲಿ ಮಲಾವಿ 2004ರಿಂದ ಸರ್ಕಾರಿ ಆಸ್ಪತ್ರೆಗಳಲ್ಲಿ ಎಚ್‌ಐವಿ ಔಷಧಿಯನ್ನು ಉಚಿತವಾಗಿ ಕೊಡಲು ಶುರು ಮಾಡಿತು. ಅಮೆರಿಕ 2003ರಲ್ಲಿ ಶುರು ಮಾಡಿದ ಪೆಪ್‌ಫಾರ್ ಯೋಜನೆ ನಂತರ ದೊಡ್ಡ ಆಸರೆಯಾಯ್ತು.

ಇಲ್ಲಿ ಗಮನಿಸಬೇಕಾದ ಒಂದು ವಿಷಯ ಇದೆ. ಬಡ ದೇಶ ಬರೀ ಕೈ ಒಡ್ಡಿ ನಿಂತಿರಲಿಲ್ಲ, ತಲೆಯನ್ನೂ ಓಡಿಸಿತು. ಆಗಿನ ನಿಯಮದ ಪ್ರಕಾರ ಎಚ್‌ಐವಿ ಇರುವ ಗರ್ಭಿಣಿಗೆ ಆಜೀವ ಚಿಕಿತ್ಸೆ ಶುರು ಮಾಡಬೇಕಾ ಬೇಡವಾ ಅಂತ ರಕ್ತದಲ್ಲಿ ಸಿಡಿ4 ಎಂಬ ಕಣ ಎಣಿಸಿ ತೀರ್ಮಾನಿಸಬೇಕಿತ್ತು. ಹಳ್ಳಿ ಆಸ್ಪತ್ರೆಯಲ್ಲಿ ಆ ಯಂತ್ರ ಎಲ್ಲಿಂದ ಬರಬೇಕು? 2011ರಲ್ಲಿ ಮಲಾವಿ ತಾನೇ ಒಂದು ತೀರ್ಮಾನ ಮಾಡಿತು: ಎಣಿಕೆ ಬೇಡ, ಎಚ್‌ಐವಿ ಇರುವ ಪ್ರತಿ ಗರ್ಭಿಣಿಗೂ ಕೂಡಲೇ ಮಾತ್ರೆ ಶುರು, ಜೀವನಪೂರ್ತಿ. ಮಗುವಿಗೆ ಸೋಂಕು ತಪ್ಪುತ್ತೆ, ತಾಯಿಯೂ ಉಳಿಯುತ್ತಾಳೆ. ಮುಂದೆ ಬೇರೆ ದೇಶಗಳೂ ಇದನ್ನೇ ಅನುಸರಿಸಿದವು, ವಿಶ್ವ ಆರೋಗ್ಯ ಸಂಸ್ಥೆಯೂ ಒಪ್ಪಿಕೊಂಡಿತು. ಸರಾಸರಿ ಆಯಸ್ಸು ಈಗ 60 ದಾಟಿದೆ.

ಖಜಾನೆಗೆ ಕನ್ನ

ಒಳ್ಳೆಯ ಕಥೆ ಅಷ್ಟಕ್ಕೇ ಮುಗಿಯಲಿಲ್ಲ. 2004ರಿಂದ ಹಲವು ದಾನಿಗಳು ತಮ್ಮ ಹಣವನ್ನು ಒಂದೇ ಬುಟ್ಟಿಗೆ ಹಾಕಿ, ಆರೋಗ್ಯ ಸಚಿವಾಲಯದ ಒಂದೇ ಯೋಜನೆಯಂತೆ ಖರ್ಚು ಮಾಡುವ ಪದ್ಧತಿ ತಂದಿದ್ದರು. ಪ್ರತಿಯೊಬ್ಬ ದಾನಿಗೂ ಬೇರೆ ಲೆಕ್ಕ, ಬೇರೆ ವರದಿ ಬರೆಯುವ ಕಾಟ ಇದರಿಂದ ಕಡಿಮೆಯಾಗಿತ್ತು.

2013ರ ಸೆಪ್ಟೆಂಬರ್‌ನಲ್ಲಿ 'ಕ್ಯಾಶ್‌ಗೇಟ್' ಹಗರಣ ಹೊರಬಿತ್ತು. ಸರ್ಕಾರದ ಕಂಪ್ಯೂಟರ್ ಲೆಕ್ಕಪತ್ರ ವ್ಯವಸ್ಥೆಯನ್ನೇ ಬಳಸಿ, ಇಲ್ಲದ ಕೆಲಸಕ್ಕೆ ಬಿಲ್ ಮಾಡಿ, ಕೆಲವೇ ತಿಂಗಳಲ್ಲಿ ಸುಮಾರು 3 ಕೋಟಿ ಡಾಲರ್ ಹೊಡೆದಿದ್ದರು. ಅನೇಕರು ಜೈಲಿಗೆ ಹೋದರು. ಬಜೆಟ್‌ಗೆ ನೇರವಾಗಿ ಕೊಡುತ್ತಿದ್ದ ಸುಮಾರು 15 ಕೋಟಿ ಡಾಲರ್ ನೆರವನ್ನು ದಾನಿಗಳು ತಡೆಹಿಡಿದರು.

ದಾನಿಗಳ ಸಿಟ್ಟು ನ್ಯಾಯವೇ. ಆದ್ರೆ ಪರಿಣಾಮ ಅನುಭವಿಸಿದವರು ಕದ್ದವರಲ್ಲ. ಆಮೇಲೆ ಹಣ ಸರ್ಕಾರದ ಕೈ ತಪ್ಪಿಸಿ ಎನ್‌ಜಿಒ, ಗುತ್ತಿಗೆ ಸಂಸ್ಥೆಗಳ ಮೂಲಕ ಹರಿಯತೊಡಗಿತು. ಒಂದೇ ಆಸ್ಪತ್ರೆಗೆ ಸರ್ಕಾರಿ ಉಗ್ರಾಣದಿಂದ ಸಾಮಾನ್ಯ ಔಷಧಿ, ಬೇರೆ ಲಾರಿಯಲ್ಲಿ ಎಚ್‌ಐವಿ, ಮಲೇರಿಯಾ ಔಷಧಿ ಬರುವ ಸ್ಥಿತಿ ಗಟ್ಟಿಯಾಯ್ತು. ಹೀಗಾಗಿ ಎಚ್‌ಐವಿ ಮಾತ್ರೆ ಸ್ಟಾಕ್ ಇರುತ್ತೆ, ಪಕ್ಕದ ಕಪಾಟಿನಲ್ಲಿ ಮಾಮೂಲಿ ಆಂಟಿಬಯಾಟಿಕ್ ಇರಲ್ಲ.

ಅಂಗಡಿಯವರಿಗೆ ಇದು ಬೇಗ ಅರ್ಥವಾಗುತ್ತೆ. ನಿಮ್ಮ ಗೋದಾಮಿಗೆ ಸರಕು ತುಂಬೋನು ಬೇರೆಯವನು, ಲೆಕ್ಕ ಬರೆಯೋ ಹುಡುಗನಿಗೆ ಸಂಬಳ ಕೊಡೋನು ಮತ್ತೊಬ್ಬ, ಬಾಡಿಗೆ ಕಟ್ಟೋನು ಇನ್ನೊಬ್ಬ. ಅಂಗಡಿ ತುಂಬಿದ ಹಾಗೆ ಕಾಣುತ್ತೆ. ಆದ್ರೆ ಬೀಗದ ಕೈ ನಿಮ್ಮ ಹತ್ರ ಇಲ್ಲ.

2025ರ ಜನವರಿ 20

ಅಮೆರಿಕದ ಅಧ್ಯಕ್ಷ ಡೊನಾಲ್ಡ್ ಟ್ರಂಪ್ ಅಧಿಕಾರ ವಹಿಸಿಕೊಂಡ ದಿನವೇ ವಿದೇಶಿ ನೆರವನ್ನು 90 ದಿನ ತಡೆಹಿಡಿಯುವ ಆದೇಶಕ್ಕೆ ಸಹಿ ಹಾಕಿದರು. ಕೆಲವೇ ದಿನಗಳಲ್ಲಿ 'ಕೆಲಸ ನಿಲ್ಲಿಸಿ' ಅನ್ನೋ ಪತ್ರಗಳು ಹೋದವು. ಜೀವ ಉಳಿಸುವ ಔಷಧಿಗೆ ನಂತರ ವಿನಾಯಿತಿ ಕೊಟ್ಟರು. ಆದ್ರೆ ಔಷಧಿ ತಾನಾಗಿಯೇ ರೋಗಿಯ ಕೈಗೆ ಹೋಗಲ್ಲ. ಎಚ್‌ಐವಿ ಪರೀಕ್ಷೆ ಮಾಡುವವರು, ಕಂಪ್ಯೂಟರ್‌ನಲ್ಲಿ ದಾಖಲೆ ಬರೆಯುವವರು, ಮಾತ್ರೆ ತಪ್ಪಿಸಿದವರನ್ನು ಹುಡುಕಿ ಮನೆಗೆ ಹೋಗುವವರಲ್ಲಿ ಬಹಳ ಜನ ಅಮೆರಿಕದ ಹಣದ ಸಂಸ್ಥೆಗಳ ನೌಕರರಾಗಿದ್ದರು. ಅವರಲ್ಲಿ ಅನೇಕರ ಕೆಲಸ ಹೋಯಿತು. ನೆರವು ಹಂಚುತ್ತಿದ್ದ ಯುಎಸ್‌ಏಡ್ ಸಂಸ್ಥೆ 2025ರ ಜುಲೈ 1ಕ್ಕೆ ಅಧಿಕೃತವಾಗಿ ಮುಚ್ಚಿತು.

ಬ್ರಿಟನ್ ಕೂಡ ಹಿಂದೆ ಸರಿಯುತ್ತಿದೆ. 0.7 ಇದ್ದ ಪಾಲನ್ನು 2021ರಲ್ಲಿ 0.5ಕ್ಕೆ ಇಳಿಸಿತ್ತು. 2027ರ ಹೊತ್ತಿಗೆ 0.3ಕ್ಕೆ ಇಳಿಸುವುದಾಗಿ 2025ರ ಫೆಬ್ರವರಿಯಲ್ಲಿ ಹೇಳಿದೆ. ಉಳಿಸಿದ ಹಣ ರಕ್ಷಣಾ ಖರ್ಚಿಗೆ.

ಎಚ್‌ಐವಿ ಮಾತ್ರೆ ಬಿಟ್ಟುಬಿಟ್ಟು ತಗೊಂಡರೆ ವೈರಸ್ ಮತ್ತೆ ಏಳುತ್ತೆ, ಮಾತ್ರೆಗೆ ಬಗ್ಗದ ಹಾಗೂ ಆಗಬಹುದು. ಮಲಾವಿಯಲ್ಲಿ ಸುಮಾರು 10 ಲಕ್ಷ ಜನ ಎಚ್‌ಐವಿ ಜೊತೆ ಬದುಕುತ್ತಿದ್ದಾರೆ. ಅವರಿಗೆ ಇದು ಬಜೆಟ್ ಚರ್ಚೆ ಅಲ್ಲ, ನಾಳೆ ಬೆಳಗಿನ ಮಾತ್ರೆಯ ಪ್ರಶ್ನೆ.

ಹಾಗಾದ್ರೆ ನೆರವೇ ತಪ್ಪಾ?

ಎರಡು ವಾದ ಇವೆ. ನೆರವು ದೇಶಗಳನ್ನು ಸೋಮಾರಿ ಮಾಡುತ್ತೆ, ಕಳ್ಳರನ್ನು ಬೆಳೆಸುತ್ತೆ ಅಂತ ಒಂದು. ನೆರವಿಲ್ಲದಿದ್ದರೆ ಲಕ್ಷಾಂತರ ಜನ ಸಾಯುತ್ತಿದ್ದರು ಅಂತ ಇನ್ನೊಂದು. ಮಲಾವಿ ನೋಡಿದರೆ ಎರಡರಲ್ಲೂ ಸ್ವಲ್ಪ ಸತ್ಯ ಇದೆ.

2001ರಲ್ಲಿ ನೈಜೀರಿಯಾದ ಅಬುಜಾದಲ್ಲಿ ಸೇರಿದ್ದ ಆಫ್ರಿಕಾದ ನಾಯಕರು ತಮ್ಮ ಬಜೆಟ್‌ನ ಶೇ. 15ರಷ್ಟನ್ನು ಆರೋಗ್ಯಕ್ಕೆ ಇಡುತ್ತೇವೆ ಅಂತ ಮಾತು ಕೊಟ್ಟಿದ್ದರು. ಮಲಾವಿ ಸೇರಿದಂತೆ ಹೆಚ್ಚಿನ ದೇಶಗಳು ಬಹುತೇಕ ವರ್ಷ ಅದಕ್ಕಿಂತ ಕೆಳಗೇ ಉಳಿದವು. ಹೊರಗಿನ ಹಣ ಬರುತ್ತಲ್ಲ ಅನ್ನೋ ಧೈರ್ಯವೂ ಇದಕ್ಕೆ ಒಂದು ಕಾರಣ. ಆದ್ರೆ ಶೇ. 15 ಇಟ್ಟರೂ ಸಣ್ಣ ಬಜೆಟ್‌ನ 15 ಭಾಗ ಸಣ್ಣದೇ. ತಂಬಾಕು, ಚಹಾ ಮಾರಿ ಬದುಕುವ ದೇಶ ಒಂದೆರಡು ವರ್ಷದಲ್ಲಿ ಇಷ್ಟು ದೊಡ್ಡ ಗುಂಡಿ ಮುಚ್ಚಿಕೊಳ್ಳೋಕೆ ಆಗಲ್ಲ.

ಹಾಗಾಗಿ ಕೇಳಬೇಕಾದ ಪ್ರಶ್ನೆಗಳು ಬೇರೆ. ದಾನಿ ಹೋದ ಮೇಲೆ ನರ್ಸ್ ಸಂಬಳ ಯಾರು ಕೊಡ್ತಾರೆ ಅಂತ ಮೊದಲ ದಿನವೇ ಬರೆದಿಟ್ಟಿದ್ದಾರಾ? ಔಷಧಿ ಉಗ್ರಾಣ ಒಂದೇ ಇದೆಯಾ, ನಾಲ್ಕಿದೆಯಾ? ಲೆಕ್ಕ ಊರಿನ ಜನಕ್ಕೂ ಕಾಣುತ್ತಾ, ದಾನಿಗೆ ಮಾತ್ರವಾ? ನಿಲ್ಲಿಸೋದೇ ಆದ್ರೆ ಹಂತ ಹಂತವಾಗಿ ನಿಲ್ಲಿಸ್ತಾರಾ, ಒಂದೇ ಸಹಿಯಲ್ಲಾ?

ಈ ಪ್ರಶ್ನೆಗಳು ಮಲಾವಿಗೆ ಮಾತ್ರ ಸೀಮಿತವಲ್ಲ. ಯಾವ ತಾಲ್ಲೂಕು ಆಸ್ಪತ್ರೆಗೇ ಆಗಲಿ, ಯೋಜನೆಯ ಹಣದಲ್ಲಿ ಹೊಸ ಯಂತ್ರ ಬಂದಾಗ ರಿಬ್ಬನ್ ಕತ್ತರಿಸುವವರು ಬಹಳ ಜನ ಇರುತ್ತಾರೆ. ಐದು ವರ್ಷದ ನಂತರ ಅದನ್ನು ಓಡಿಸುವ ಟೆಕ್ನಿಷಿಯನ್‌ಗೆ ಸಂಬಳ ಯಾರದು ಅಂತ ಅದೇ ದಿನ ಕೇಳುವವರು ಕಡಿಮೆ.